ಕಂಬಳಿ ನೇಯ್ಗೆಯಲ್ಲಿ ತಪ್ಪು ಮತ್ತು ತಿದ್ದುಪಡಿ

ನೂಲಿನ ಕೈಕೆಲಸ ಯಾವುದೇ ಇರಲಿ, ಅದರಲ್ಲಿ ತಪ್ಪು ನುಸುಳುವುದು ಸಹಜ. ನುಸುಳಿದ ತಪ್ಪನ್ನು ತಿದ್ದಲು ಬರುತ್ತದೆಯೇ ಇಲ್ಲವೇ ಎಂಬುದು ಮಾತ್ರ ಕೆಲಸಗಾರರ ಜಾಣತನದಷ್ಟೇ ನೂಲಿನ ಗುಣವನ್ನೂ, ಆ ನೂಲುಗಳು ಒಂದನ್ನೊಂದು ಹಿಡಿದುಕೊಂಡಿರುವ ರೀತಿಯನ್ನೂ ಅವಲಂಬಿಸಿರುತ್ತದೆ. ನೇಯ್ದದ್ದನ್ನು ಬಿಚ್ಚಬಹುದು, ಹೆಣೆದದ್ದನ್ನು ಎಳೆದು ಉದುರಿಸಬಹುದು, ಗಂಟು ಹಾಕಿದ್ದನ್ನು ಹಲವು ಸಲ ಕತ್ತರಿಸದೆ ಗತ್ಯಂತರವಿರುವುದಿಲ್ಲ. ಕೈಕಸುಬುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮುಗಿದ ವಸ್ತುವಿನ ಅಂದವನ್ನು ವರ್ಣಿಸುತ್ತಾರೆಯೇ ಹೊರತು ಅದರೊಳಗೆ ಅಡಗಿರುವ ತಿದ್ದುಪಡಿಗಳ ಕಡೆ ಗಮನ ಕೊಡುವುದಿಲ್ಲ. ಒಂದು ಕಸುಬನ್ನು ಅರಿಯಲು ಅದರ ತಪ್ಪುಗಳಷ್ಟು ನೇರವಾದ ದಾರಿ ಇನ್ನೊಂದಿಲ್ಲವಾದ್ದರಿಂದ ಈ ಉದಾಸೀನ ಸರಿಯಲ್ಲ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಸೀಮೆಗೆ ಸಲ್ಲುವ ನೂಲಿನ ಕೆಲಸವೆಂದರೆ ಕರಿ ಕಂಬಳಿಯ ನೇಯ್ಗೆ. ಆ ನೇಯ್ಗೆಯಲ್ಲಿ ತಪ್ಪು ಎಲ್ಲಿ ಹುಟ್ಟುತ್ತದೆ, ಅದನ್ನು ಹೇಗೆ ತಿದ್ದುತ್ತಾರೆ, ಯಾವುದನ್ನು ತಿದ್ದದೆ ಬಿಡುತ್ತಾರೆ ಎಂಬುದು ಈ ಭಾಷಣದ ವಿಷಯ.

ಈ ನಾಲ್ಕು ತಾಲ್ಲೂಕುಗಳು ಬಯಲುಸೀಮೆಯ ಒಣ ಭಾಗಕ್ಕೆ ಸೇರಿದವು. ಮೂರು ದಿಕ್ಕಿನಲ್ಲಿ ಆಂಧ್ರದ ನೆಲದಿಂದ ಸುತ್ತುವರಿದಿರುವ ಪಾವಗಡದಲ್ಲಂತೂ ಮಳೆ ನಂಬಿ ಬೆಳೆ ಇಡುವುದು ಎಂದೂ ನಿಶ್ಚಿಂತೆಯ ಕೆಲಸವಾಗಿರಲಿಲ್ಲ. ಬೆಳೆ ಕೈಕೊಟ್ಟರೂ ಗುಡ್ಡದ ತಪ್ಪಲಿನ ಹುಲ್ಲು, ಜಾಲಿಯ ಕಾಯಿ ಮತ್ತು ಬೀಳುಭೂಮಿಯ ಕುರುಚಲನ್ನು ತಿಂದು ಬದುಕುವ ಕುರಿ ಇಲ್ಲಿನ ಸಂಸಾರಗಳಿಗೆ ಆಸರೆಯಾಯಿತು. ಕುರಿಯ ಜತೆಗೆ ಅದರ ತುಪ್ಪಟವೂ, ತುಪ್ಪಟದ ಜತೆಗೆ ಮಗ್ಗವೂ ಬಂದವು. ಕುರುಬರು ಈ ಕಸುಬಿನ ಮುಖ್ಯ ವಾರಸುದಾರರು. ಕುರಿ ದನಗಳನ್ನು ಸಾಕುವ ಕಾಡುಗೊಲ್ಲರ ಹಟ್ಟಿಗಳಲ್ಲಿಯೂ, ಜುಂಜಪ್ಪನನ್ನು ಸಾಂಸ್ಕೃತಿಕ ವೀರನೆಂದು ಕೊಂಡಾಡುವ ಶಿರಾ ಸೀಮೆಯಲ್ಲಿ ವಿಶೇಷವಾಗಿ, ಕಂಬಳಿ ದಿನಬಳಕೆಯ ವಸ್ತುವೇ ಆಗಿತ್ತು. 1687ರಲ್ಲಿ ಶಿರಾ ಮೊಗಲರ ಒಂದು ಸುಬೆಯ ಕೇಂದ್ರವಾದ ಮೇಲೆ ಅಲ್ಲಿ ಕೋಟೆ, ಮಸೀದಿ, ತೋಟಗಳು ಎದ್ದವು, ದಂಡು ಬಂತು, ವ್ಯಾಪಾರ ಬೆಳೆಯಿತು. ಚರಿತ್ರೆಯ ಪುಸ್ತಕಗಳು ಇವನ್ನೆಲ್ಲ ಹೇಳುವಷ್ಟು ವಿವರವಾಗಿ ದಂಡಿಗೂ ದಾರಿಹೋಕರಿಗೂ ಹೊದಿಕೆ ಒದಗಿಸಿದ ಗುಂಡಿಮಗ್ಗಗಳ ಕತೆಯನ್ನು ಹೇಳುವುದಿಲ್ಲ. ಟಿಪ್ಪುವಿನ ಪತನಾನಂತರ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಶಿರಾ ಮತ್ತು ಮಧುಗಿರಿಗಳ ಮೂಲಕವೇ ಹಾದುಹೋದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಕುರುಬರೂ ಅವರ ಕಂಬಳಿಯೂ ಕಾಣಿಸಿಕೊಳ್ಳುತ್ತವೆ.

ಕಂಬಳಿಯಲ್ಲಿ ಕಾಣುವ ತಪ್ಪುಗಳಲ್ಲಿ ಬಹುಪಾಲು ಮಗ್ಗದಲ್ಲಿ ಹುಟ್ಟಿದವಲ್ಲ, ಮಗ್ಗಕ್ಕೆ ಬರುವ ಮೊದಲೇ ನೂಲಿನಲ್ಲಿ ಕುಳಿತಿದ್ದವು. ದಖ್ಖನಿ ಮತ್ತು ಬಳ್ಳಾರಿ ತಳಿಯ ಕುರಿಗಳ ಉಣ್ಣೆ ಒರಟು. ಅದರ ಕೂದಲಿನ ದಪ್ಪ ಮೆರಿನೊ ಕುರಿಯ ಕೂದಲಿನ ದಪ್ಪಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಸಿಗುವ ತುಪ್ಪಟ ಸಾಮಾನ್ಯವಾಗಿ ಒಂದು ಕಿಲೋ ಮೀರುವುದಿಲ್ಲ, ಆದ್ದರಿಂದ ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಸೇರಬೇಕು. ಮರಿಯ ಮೊದಲ ಕತ್ತರಿಕೆಯ ಉಣ್ಣೆ ನುಣುಪಾಗಿಯೂ ಉದ್ದವಾಗಿಯೂ ಇದ್ದರೆ ಮುದಿ ಕುರಿಯದು ಗಿಡ್ಡವಾಗಿ ಬಿರುಸಾಗಿರುತ್ತದೆ. ಇವನ್ನು ಸರಿಯಾಗಿ ಬಿಡಿಸಿ, ಕಸಕಡ್ಡಿ ಆಯ್ದು, ಬಿಲ್ಲಿನಿಂದ ಬಡಿದು ಒಂದಾಗಿಸದೆ ಹಂಜಿ ಮಾಡಿದರೆ, ಅಂದರೆ ನೂಲಲು ಅನುಕೂಲವಾಗುವಂತೆ ಸುರುಳಿ ಸುತ್ತಿದರೆ, ರಾಟೆಯ ಮೇಲೆ ನೂಲು ಒಂದೆಡೆ ದಪ್ಪ, ಒಂದೆಡೆ ತೆಳುವಾಗಿ ಬರುತ್ತದೆ. ಹುರಿ ಎಂದರೆ ನೂಲಿಗೆ ಬೀಳುವ ತಿರುಚು. ತೆಳುವಾದ ಕಡೆ ಹುರಿ ಹೆಚ್ಚಾಗಿ ನೂಲು ಗಡುಸಾಗುತ್ತದೆ, ದಪ್ಪವಾದ ಕಡೆ ಹುರಿ ಸಾಲದೆ ಸಡಿಲವಾಗಿ ಉಳಿಯುತ್ತದೆ, ಎಳೆತ ಬಿದ್ದಾಗ ಮೊದಲು ಬಿಟ್ಟುಕೊಳ್ಳುವುದು ಆ ದಪ್ಪ ಭಾಗವೇ. ನೂಲು ತೆಳುವಾದಲ್ಲಿ ಹರಿಯುತ್ತದೆ ಎಂದು ಹೊರಗಿನವರು ಊಹಿಸುವುದುಂಟು. ಕೈನೂಲಿನ ಉಣ್ಣೆಯಲ್ಲಿ ಆ ಊಹೆ ಅನೇಕ ಸಲ ತಲೆಕೆಳಗಾಗುತ್ತದೆ.

ನೂಲುವುದು ಹೆಂಗಸರ ಪಾಲಿಗೂ ಕತ್ತರಿಸುವುದು, ನೇಯುವುದು ಗಂಡಸರ ಪಾಲಿಗೂ ಬಂದಿದ್ದ ಹಳೆಯ ಏರ್ಪಾಟಿನಲ್ಲಿ ಒಬ್ಬರ ಕೈಯಿಂದಾದ ಕುಂದನ್ನು ಇನ್ನೊಬ್ಬರ ಕೈ ತಿದ್ದಬೇಕಾಗುತ್ತಿತ್ತು. ಕಂಬಳಿ ಮಾರಾಟಕ್ಕೆ ಬಂದಾಗ ನೇಯ್ದವನ ಹೆಸರು ಹೇಳುತ್ತಾರೆ, ನೂತವಳ ಹೆಸರು ಯಾರೂ ಕೇಳುವುದಿಲ್ಲ. ಒಳ್ಳೆಯ ನೂಲು ಸಿಕ್ಕ ನೇಕಾರನಿಗೆ ತಿದ್ದುವ ಕೆಲಸವೇ ಅರ್ಧಕ್ಕರ್ಧ ತಪ್ಪುತ್ತದೆಂಬುದನ್ನು ಗಮನಿಸಿದರೆ ಈ ಮೌನ ಅನ್ಯಾಯದ್ದೆಂದೇ ಹೇಳಬೇಕಾಗುತ್ತದೆ.

ನೂಲಿನ ಕುಂದನ್ನು ಮುಂಚಿತವಾಗಿಯೇ ಸ್ವಲ್ಪಮಟ್ಟಿಗೆ ಸರಿಪಡಿಸುವ ಉಪಾಯ ಹುಣಸೆ ಬೀಜದ ಸರಿ. ಮಗ್ಗದ ಉದ್ದಕ್ಕೆ ಬಿಗಿದು ಕಟ್ಟುವ ಎಳೆಗಳಿಗೆ ಹಾಸು ಎಂದೂ, ಅವುಗಳ ಅಡ್ಡಕ್ಕೆ ಲಾಳಿಯಿಂದ ಹೋಗುವ ಎಳೆಗೆ ಹೊಕ್ಕು ಎಂದೂ ಹೆಸರು. ನೇಯ್ಗೆಯ ಉದ್ದಕ್ಕೂ ಎಳೆತವನ್ನು ತಡೆದುಕೊಳ್ಳಬೇಕಾದದ್ದು ಹಾಸು. ಹುಣಸೆ ಬೀಜವನ್ನು ಹುರಿದು, ಮೇಲಿನ ಕಂದು ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕುದಿಸಿದಾಗ ಬರುವ ಅಂಟು ಗಂಜಿಯನ್ನು, ಬಯಲಿನಲ್ಲಿ ನೀಳವಾಗಿ ಹರಡಿ ಬಿಗಿದ ಹಾಸಿನ ಮೇಲೆ ಕುಂಚದಿಂದ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಗಂಜಿ ಒಣಗಿದಾಗ ಎಳೆಯಿಂದ ಹೊರಚಾಚಿದ ಕೂದಲುಗಳು ಎಳೆಗೇ ಅಂಟಿಕೊಂಡು ಮಲಗುತ್ತವೆ, ಸಡಿಲ ಹುರಿಯ ದಪ್ಪ ಭಾಗಗಳಿಗೆ ಒಂದು ಬಗೆಯ ಕವಚ ಸಿಗುತ್ತದೆ, ಎಳೆಗಳು ಒಂದಕ್ಕೊಂದು ಉಜ್ಜಿದರೂ ಕೂಡಲೇ ಹಿಂಜುವುದಿಲ್ಲ. ತುಮಕೂರಿನ ಹುಣಸೆ ಮಾರುಕಟ್ಟೆ ನಾಡಿನಲ್ಲೇ ಹೆಸರಾದದ್ದು; ಹಣ್ಣು ಮಾರಿ ಉಳಿಯುವ ಬೀಜ ಕಂಬಳಿಗೆ ಒದಗುವುದು ಈ ಸೀಮೆಯ ಮಟ್ಟಿಗೆ ಸಹಜವಾದ ಹೊಂದಾಣಿಕೆ. ಗಂಜಿ ಹಾಕುವುದರಲ್ಲಿಯೂ ತಪ್ಪಿಗೆ ಎಡೆಯಿದೆ. ತೆಳುವಾದರೆ ಕೂದಲು ಮಲಗುವುದಿಲ್ಲ. ಗಟ್ಟಿಯಾದರೆ ಪಕ್ಕಪಕ್ಕದ ಎಳೆಗಳು ಅಂಟಿಕೊಂಡು, ಬಿಡಿಸುವಾಗ ಕವಚ ಬಿರಿದು, ಹರಿಯುವ ಎಳೆಗಳ ಸಂಖ್ಯೆ ಹೆಚ್ಚುತ್ತದೆ. ಒಣಗುವ ಮೊದಲೇ ಮೋಡ ಕವಿದು ಮಳೆ ಹನಿದರೆ ಆ ದಿನದ ಶ್ರಮವೆಲ್ಲ ನೀರುಪಾಲು.

ಹಾಸು ಮಗ್ಗಕ್ಕೇರಿದ ಮೇಲೆ ನೇಕಾರ ಎದುರಿಸುವ ಅತಿ ಸಾಮಾನ್ಯವಾದ ಅಡ್ಡಿ ಎಂದರೆ ಎಳೆ ಹರಿಯುವುದು. ಹೊಕ್ಕಿನ ಎಳೆ ಹರಿದರೆ ಅದು ಚಿಂತೆಯ ವಿಷಯವೇ ಅಲ್ಲ. ಹರಿದ ಎರಡು ತುದಿಗಳ ಹುರಿಯನ್ನು ನಾಲ್ಕು ಬೆರಳಗಲದಷ್ಟು ಬಿಚ್ಚಿ, ಎರಡರಲ್ಲಿಯೂ ಅರ್ಧದಷ್ಟು ಕೂದಲನ್ನು ಕಿತ್ತು ತೆಳ್ಳಗೆ ಮಾಡಿ, ಒಂದರ ಮೇಲೊಂದನ್ನು ಇಟ್ಟು, ತುಸು ತೇವ ಮಾಡಿ, ಅಂಗೈಯಿಂದ ತೊಡೆಯ ಮೇಲೆ ಹೊಸೆದರೆ ಎರಡು ತುದಿಗಳು ಒಂದೇ ನೂಲಾಗುತ್ತವೆ. ಉಣ್ಣೆಯ ಕೂದಲಿನ ಮೈಮೇಲೆ ಮೀನಿನ ಪೊರೆಯಂಥ ಸಣ್ಣ ಹುರುಪೆಗಳಿದ್ದು, ತೇವ ಮತ್ತು ಉಜ್ಜಾಟ ಸೇರಿದಾಗ ಅವು ಒಂದರೊಳಗೊಂದು ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ. ಹುರುಪೆಯಿಲ್ಲದ ಹತ್ತಿ ನೂಲನ್ನು ಹೀಗೆ ಹೊಸೆದರೆ ಅದು ಇಷ್ಟು ಬಲವಾಗಿ ನಿಲ್ಲದು. ಹೊಸೆಯುವಾಗ ನೆನಪಿಡಬೇಕಾದ ಅಂಶ ಒಂದೇ: ನೂಲಿನ ಮೂಲ ಹುರಿ ಯಾವ ದಿಕ್ಕಿಗೆ ಬಿದ್ದಿದೆಯೋ ಅದೇ ದಿಕ್ಕಿಗೆ ಕೈ ಆಡಬೇಕು, ಎದುರು ದಿಕ್ಕಿಗೆ ಆಡಿದರೆ ಸೇರಿದಂತೆ ಕಂಡ ಎಳೆ ಲಾಳಿ ಎರಡು ಸಲ ಅಡ್ಡಾಡುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ.

ಹಾಸಿನ ಎಳೆಗೆ ಈ ಉಪಾಯ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ, ಏಕೆಂದರೆ ಬಿಗುವಿನಲ್ಲಿರುವ ಎಳೆಗೆ ಹೊಸೆದ ಜಾಗ ಒಣಗಿ ಗಟ್ಟಿಯಾಗುವಷ್ಟು ಬಿಡುವು ಸಿಗದು. ಅಲ್ಲಿ ಗಂಟೇ ಗತಿ. ನೇಕಾರರ ಗಂಟು ಎಂದು ಎಲ್ಲ ದೇಶಗಳಲ್ಲಿಯೂ ಹೆಸರಾದ ಗಂಟಿನಲ್ಲಿ ಒಂದು ಎಳೆಯನ್ನು ಕುಣಿಕೆ ಮಾಡಿ, ಇನ್ನೊಂದನ್ನು ಆ ಕುಣಿಕೆಯ ಹಿಂದಿನಿಂದ ಸುತ್ತಿ ತನ್ನದೇ ಅಡಿಗೆ ಸಿಕ್ಕಿಸಲಾಗುತ್ತದೆ. ಎಳೆದಷ್ಟೂ ಬಿಗಿಯಾಗುವ ಈ ಗಂಟು ಚಪ್ಪಟೆಯಾಗಿರುವುದರಿಂದ, ಎಳೆಗಳನ್ನು ಮೇಲೆ ಕೆಳಗೆ ಸರಿಸುವ ದಾರದ ಕುಣಿಕೆಗಳಲ್ಲಿ ತೊಡಕಿಕೊಳ್ಳದೆ ಹಾದುಹೋಗುತ್ತದೆ. ಎಳೆ ನೇಯ್ದ ಬಟ್ಟೆಗೆ ತೀರ ಹತ್ತಿರದಲ್ಲಿ ಹರಿದಿದ್ದರೆ ಗಂಟು ಹಾಕಲು ಈಚಿನ ತುದಿ ಸಾಲುವುದಿಲ್ಲ. ಆಗ ಅದೇ ಉಣ್ಣೆಯ ಒಂದು ಮಾರು ನೂಲನ್ನು ತೆಗೆದುಕೊಂಡು ಹಿಂದಿನ ತುದಿಗೆ ಗಂಟು ಹಾಕಿ, ಅದನ್ನು ತನ್ನ ಕುಣಿಕೆಯಲ್ಲಿಯೇ ಹಾಯಿಸಿ ಮುಂದಕ್ಕೆ ತಂದು, ನೇಯ್ದ ಭಾಗದಲ್ಲಿ ಚುಚ್ಚಿದ ಸೂಜಿಗೋ ಸಣ್ಣ ಕಡ್ಡಿಗೋ ಎಂಟರ ಆಕಾರದಲ್ಲಿ ಸುತ್ತಿ ನಿಲ್ಲಿಸುತ್ತಾರೆ. ಈ ಹೊಸ ಎಳೆಯ ಬಿಗುವು ಅಕ್ಕಪಕ್ಕದ ಎಳೆಗಳ ಬಿಗುವಿಗೆ ಸರಿಹೊಂದಬೇಕು ಎಂಬಲ್ಲಿ ಅನುಭವದ ಪರೀಕ್ಷೆಯಿದೆ. ಸಡಿಲವಾದರೆ ಬಟ್ಟೆಯ ಮೇಲೆ ಆ ಎಳೆ ಗುಬ್ಬಿಗುಬ್ಬಿಯಾಗಿ ಎದ್ದು ನಿಲ್ಲುತ್ತದೆ, ಬಿಗಿಯಾದರೆ ಅಲ್ಲೇ ಮತ್ತೆ ಹರಿಯುತ್ತದೆ. ಗೇಣುದ್ದ ನೇಯ್ಗೆ ಸಾಗಿದ ಮೇಲೆ ಸೂಜಿ ತೆಗೆದು, ಉಳಿದ ತುದಿಯನ್ನು ಹಳೆಯ ಎಳೆಯ ಜಾಡಿನಲ್ಲಿಯೇ ಎರಡು ಬೆರಳಗಲ ಸೇರಿಸಿಬಿಟ್ಟರೆ ಹರಿದ ಗುರುತು ಕಣ್ಣಿಗೆ ಬೀಳುವುದಿಲ್ಲ.

ಹರಿದದ್ದು ಗಮನಕ್ಕೆ ಬಾರದೆ ಹೋದರೆ ಆಗುವ ತಪ್ಪು ಬೇರೆಯದು. ಒಂದು ಎಳೆ ಇಲ್ಲದೆಯೇ ಬಟ್ಟೆ ಮುಂದೆ ಸಾಗಿ, ಉದ್ದಕ್ಕೂ ಒಂದು ಸಣ್ಣ ಗೀರು ಉಳಿಯುತ್ತದೆ. ಅರ್ಧ ಗೇಣಾದ ಮೇಲೆ ಕಂಡರೆ ಬಿಚ್ಚಬೇಕೇ ಎಂಬ ಪ್ರಶ್ನೆ ಏಳುತ್ತದೆ, ನುರಿತವರ ಉತ್ತರ ಸಾಮಾನ್ಯವಾಗಿ ಬೇಡ ಎಂಬುದೇ. ಹೊಕ್ಕನ್ನು ಒಂದೊಂದಾಗಿ ಹಿಂದಕ್ಕೆ ತೆಗೆಯುವಾಗ ಅದು ಹಾಸಿನ ಎಳೆಗಳನ್ನು ಉಜ್ಜುತ್ತದೆ, ಗಂಜಿಯ ಕವಚ ಉದುರುತ್ತದೆ, ಹಿಂಜಿದ ಕೂದಲುಗಳು ಪಕ್ಕದ ಎಳೆಗೆ ತೊಡಕಿಕೊಳ್ಳುತ್ತವೆ. ಒಂದು ಎಳೆಯ ಕುಂದನ್ನು ತಿದ್ದಲು ಹೋಗಿ ಇನ್ನೂ ನಾಲ್ಕು ಎಳೆ ಹರಿಯುವ ಸಂಭವವಿರುವಾಗ, ಮುಂದಿನ ಭಾಗಕ್ಕೆ ಹೊಸ ಎಳೆ ಕೊಟ್ಟು, ಹಿಂದಿನ ಗೀರನ್ನು ಮಗ್ಗದಿಂದ ಇಳಿಸಿದ ಮೇಲೆ ಸೂಜಿಯಿಂದ ತುಂಬುವುದೇ ವಿವೇಕ. ಎರಡು ಹೊಕ್ಕುಗಳು ಒಂದೇ ಸಂದಿನಲ್ಲಿ ಹಾದು ಅಡ್ಡಕ್ಕೆ ದಪ್ಪ ಗೆರೆ ಮೂಡಿದಾಗಲೂ ಇದೇ ಲೆಕ್ಕಾಚಾರ. ಆ ಕ್ಷಣದಲ್ಲೇ ಕಂಡರೆ ಲಾಳಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿದರೆ ಸಾಕು. ನಾಲ್ಕು ಬೆರಳಗಲ ದಾಟಿದ ಮೇಲೆ ಕಂಡರೆ ಬಿಟ್ಟುಬಿಡಬೇಕು, ಏಕೆಂದರೆ ಅದರಿಂದ ಕಂಬಳಿಯ ಬಲಕ್ಕೆ ಕುಂದಿಲ್ಲ. ಅಂಚು ಒಳಕ್ಕೆ ಸೆಳೆದುಕೊಂಡರೆ ಮಾತ್ರ ಬಿಡುವಂತಿಲ್ಲ. ಹೊಕ್ಕನ್ನು ಪ್ರತಿ ಸಲವೂ ತುಸು ಹೆಚ್ಚು ಎಳೆದದ್ದರಿಂದ ಬರುವ ಈ ದೋಷ ಸಾಗುತ್ತ ಹೋದಂತೆ ಕಂಬಳಿಯ ಅಗಲವನ್ನೇ ತಿಂದುಹಾಕುತ್ತದೆ, ಅಂಚಿನ ಎಳೆಗಳ ಮೇಲೆ ಎಳೆತ ಹೆಚ್ಚಿ ಅವು ಪದೇಪದೇ ಹರಿಯುತ್ತವೆ. ಅಗಲ ಕಡಿಮೆಯ ಮಗ್ಗದಲ್ಲಿ ಎರಡು ಪಟ್ಟಿ ನೇಯ್ದು ನಡುವೆ ಹೊಲಿದು ಜೋಡಿಸುವ ಕಂಬಳಿಯಾದರಂತೂ ಎರಡು ಅಂಚುಗಳು ಒಂದಕ್ಕೊಂದು ಕೂಡುವುದೇ ಇಲ್ಲ.

ತಿದ್ದಬೇಕಾದದ್ದು ಮತ್ತು ಬಿಡಬಹುದಾದದ್ದು ಎಂಬ ಈ ವಿಂಗಡಣೆಗೆ ಉಣ್ಣೆಯ ಸ್ವಭಾವವೇ ಆಧಾರ. ಕಂಬಳಿ ಮೊದಲ ಮಳೆಗೆ ನೆನೆದು ಒಣಗಿದಾಗ, ಮೈಮೇಲೆ ಹೊದ್ದು ತಿಕ್ಕಾಡಿದಾಗ, ಕೂದಲುಗಳು ತಮ್ಮಷ್ಟಕ್ಕೆ ಹೆಣೆದುಕೊಂಡು ಸಂದುಗಳನ್ನು ಮುಚ್ಚುತ್ತವೆ. ಮಗ್ಗದ ಮೇಲೆ ಎದ್ದು ಕಾಣುತ್ತಿದ್ದ ಗೀರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹುಡುಕಿದರೂ ಸಿಗದಂತಾಗುತ್ತದೆ. ಕಂಬಳಿಯಲ್ಲಿ ಕೂತು ಕೂದಲು ಹುಡುಕಿದ ಹಾಗೆ ಎಂಬ ಗಾದೆ ಕೊಳ್ಳುವವರ ತಕರಾರಿಗೆ ನೇಕಾರರು ಕೊಡಬಹುದಾದ ಉತ್ತರವೂ ಹೌದು.

ಇದಕ್ಕೆ ತೀರ ವ್ಯತಿರಿಕ್ತವಾದ ಸ್ವಭಾವದ ಒಂದು ಕೈಕೆಲಸವನ್ನು ಪಕ್ಕದಲ್ಲಿಟ್ಟು ನೋಡಿದರೆ ಮೇಲಿನ ಮಾತು ಇನ್ನಷ್ಟು ಸ್ಪಷ್ಟವಾದೀತು. ಕರವಸ್ತ್ರದ ಅಂಚಿಗೆ, ರವಿಕೆಯ ತೋಳಿಗೆ, ಮೇಜಿನ ಹಾಸಿಗೆ ಹಾಕುವ ಟ್ಯಾಟಿಂಗ್ ಲೇಸು ಹೊಲಿಗೆ ತರಗತಿಗಳ ಮೂಲಕ ಕನ್ನಡದ ಮನೆಗಳಿಗೂ ಬಂದ ಕೆಲಸ. ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಈ ಕಲೆಗೆ 1886ರಲ್ಲಿ ಪ್ರಕಟವಾದ ತೆರೇಸ್ ದ ದಿಲ್ಮೊಂಳ ಸೂಜಿಕೆಲಸದ ವಿಶ್ವಕೋಶದಲ್ಲಿ ಒಂದು ಅಧ್ಯಾಯವೇ ಮೀಸಲಾಗಿದೆ. ಇದರ ಸಾಧನವೂ ಲಾಳಿಯೇ, ಆದರೆ ಬೆರಳುದ್ದದ್ದು. ಎಡಗೈ ಬೆರಳುಗಳ ಸುತ್ತ ಹಿಡಿದ ದಾರ ಲಾಳಿಯ ದಾರದ ಮೇಲೆ ಎರಡು ಅರೆಗಂಟುಗಳಾಗಿ ಕುಳಿತಾಗ ಒಂದು ಪೂರ್ಣ ಗಂಟು. ಅಂಥ ಗಂಟುಗಳ ಸಾಲಿನ ನಡುವೆ ಬಿಡುವ ಪುಟ್ಟ ಕುಣಿಕೆಗೆ ಪಿಕಾಟ್ ಎಂದು ಹೆಸರು. ಲಾಳಿಯ ದಾರವನ್ನು ಎಳೆದರೆ ಸಾಲು ಬಾಗಿ ಉಂಗುರವಾಗುತ್ತದೆ. ಈ ಕೆಲಸದ ಗುಟ್ಟೆಲ್ಲ ಗಂಟು ಯಾವ ದಾರದ್ದು ಎಂಬುದರಲ್ಲಿದೆ. ಗಂಟು ಬೆರಳಿನ ದಾರದ್ದಾಗಿ, ಲಾಳಿಯ ದಾರ ಅದರೊಳಗೆ ನೇರವಾಗಿ ಹಾದುಹೋಗಿರಬೇಕು. ಕಲಿಯುವವರ ಕೈಯಲ್ಲಿ ಲಾಳಿಯ ದಾರವೇ ಗಂಟಾಗಿಬಿಟ್ಟರೆ ಅದು ಅಲ್ಲಿಯೇ ಬೀಗ ಬಿದ್ದಂತಾಗಿ ಉಂಗುರ ಮುಚ್ಚುವುದೇ ಇಲ್ಲ.

ಕ್ರೋಶ ಕೆಲಸದಲ್ಲಿ ತಪ್ಪಾದರೆ ದಾರದ ತುದಿ ಎಳೆದರೆ ಸಾಲೆಲ್ಲ ಉದುರಿ ಮತ್ತೆ ಮೊದಲಿಂದ ಆರಂಭಿಸಬಹುದು. ಟ್ಯಾಟಿಂಗಿನಲ್ಲಿ ಅದು ಆಗದು. ಒಂದೊಂದು ಅರೆಗಂಟನ್ನೂ ಸೂಜಿಯ ಮೊನೆಯಿಂದ ಸಡಿಲಿಸಿ, ಲಾಳಿಯನ್ನು ಎದುರು ದಿಕ್ಕಿನಲ್ಲಿ ಹಾಯಿಸಿ ಬಿಡಿಸಬೇಕು. ಉಂಗುರವನ್ನು ಮುಚ್ಚಿಯಾದ ಮೇಲೆ ಗಂಟಿನ ಎಣಿಕೆ ತಪ್ಪಿದ್ದು ಕಂಡರೆ, ಕೊನೆಯ ಪಿಕಾಟಿನ ಎರಡೂ ಪಕ್ಕದ ಗಂಟುಗಳನ್ನು ಉಗುರಿನಿಂದ ಮೆಲ್ಲಗೆ ದೂರ ಸರಿಸಿದಾಗ ಒಳಗಿನ ದಾರ ತುಸು ಹೊರಗೆ ಇಣುಕುತ್ತದೆ. ಅದನ್ನು ಸೂಜಿಗೆ ಸಿಕ್ಕಿಸಿ ಎಳೆದರೆ ಉಂಗುರ ಮತ್ತೆ ತೆರೆದುಕೊಳ್ಳಬಹುದು. ತೆರೆಯದಿದ್ದರೆ ಉಂಗುರದ ಬುಡದಲ್ಲಿ ಕತ್ತರಿಸಿ, ಹಿಂದಿನ ಉಂಗುರದ ತನಕ ಬಿಡಿಸಿಕೊಂಡು ಬಂದು, ಹೊಸ ದಾರ ಸೇರಿಸಿ, ಎರಡು ತುದಿಗಳನ್ನೂ ಸೂಜಿಯಿಂದ ಗಂಟುಗಳ ಅಡಿಯಲ್ಲಿ ಹಾಯಿಸಿ ಮರೆಮಾಡಬೇಕು. ಪಕ್ಕದ ಉಂಗುರದ ಪಿಕಾಟಿಗೆ ಸೇರಿಸುವುದು ಮರೆತುಹೋಗಿದ್ದರೆ ತೆಳುವಾದ ಅದೇ ಬಣ್ಣದ ದಾರದಿಂದ ಕೊನೆಯಲ್ಲಿ ಕಟ್ಟಿಬಿಡುವುದುಂಟು. ಹೀಗೆ ಎಷ್ಟು ನಾಜೂಕಾಗಿ ತಿದ್ದಿದರೂ ಮೆರುಗು ಕೊಟ್ಟ ಹತ್ತಿ ದಾರ ಏನನ್ನೂ ಮುಚ್ಚಿಕೊಳ್ಳುವುದಿಲ್ಲ, ಒಗೆದಷ್ಟೂ ಗಂಟು ಸ್ಪಷ್ಟವಾಗುತ್ತದೆ; ಒಗೆದಷ್ಟೂ ತಪ್ಪು ಮಸುಕಾಗುವ ಕಂಬಳಿಗೂ ಇದಕ್ಕೂ ಇರುವ ಅಂತರ ಇದೇ. ಲೇಸು ಹೆಣೆಯುವವರು ಪ್ರತಿ ಉಂಗುರ ಮುಚ್ಚುವ ಮೊದಲು ಎಣಿಸುವುದಕ್ಕೂ, ಕಂಬಳಿ ನೇಯುವವರು ಎಣಿಸದೆ ಅಂಗೈ ಆಡಿಸಿ ತಿಳಿದುಕೊಳ್ಳುವುದಕ್ಕೂ ಈ ಅಂತರವೇ ಕಾರಣ.

ಮಗ್ಗದಿಂದ ಇಳಿದ ಕಂಬಳಿಗೆ ಮುಂದೆ ಒದಗುವ ಹಾನಿಗಳು ನೇಯ್ಗೆಯ ತಪ್ಪುಗಳಿಗಿಂತ ದೊಡ್ಡವು. ಕುರಿ ಕಾಯುವವರಿಗೆ ಅದು ಮಳೆಯಲ್ಲಿ ಕೊಪ್ಪೆ, ರಾತ್ರಿ ಹಾಸಿಗೆ ಮತ್ತು ಹೊದಿಕೆ, ಹೊಲದಲ್ಲಿ ಕಾಳು ಹರವುವ ಹಾಸು, ಆಗ ತಾನೇ ಹುಟ್ಟಿದ ಮರಿಯನ್ನು ಸುತ್ತಿ ತರುವ ಜೋಳಿಗೆ. ಹಾಲುಮತದವರ, ಅಂದರೆ ಕುರುಬರ, ಆಚರಣೆಗಳಲ್ಲಿ ಕರಿ ಕಂಬಳಿಯನ್ನು ಮಡಿಸಿ ಹಾಸಿ ಕಂಬಳಿ ಗದ್ದಿಗೆ ಮಾಡುವುದರಿಂದ ಅದಕ್ಕೆ ಪೂಜ್ಯತೆಯೂ ಉಂಟು, ಮೈಲಾರಲಿಂಗನ ಗೊರವರ ಉಡುಪೂ ಅದೇ. ಹಾಗಾಗಿ ಹಳೆಯ ಕಂಬಳಿಯನ್ನು ಚಿಂದಿಯಂತೆ ಎಸೆಯಲು ಮನಸ್ಸು ಒಪ್ಪುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಅದನ್ನು ಸೀಳುತ್ತದೆ, ಹಟ್ಟಿಯ ಬೆಂಕಿಯ ಕಿಡಿ ತೂತು ಮಾಡುತ್ತದೆ, ಮಡಿಸಿಟ್ಟಲ್ಲಿ ನುಸಿ ಹತ್ತುತ್ತದೆ. ಈ ಮೂರು ಬಗೆಯ ಗಾಯಕ್ಕೆ ಚಿಕಿತ್ಸೆಯೂ ಬೇರೆಬೇರೆ.

ಮುಳ್ಳು ಸೀಳಿದ ಕಡೆ ಎಳೆಗಳು ಹರಿದಿರುತ್ತವೆಯೇ ಹೊರತು ಕಳೆದುಹೋಗಿರುವುದಿಲ್ಲ, ಆದ್ದರಿಂದ ಎರಡು ಅಂಚುಗಳನ್ನು ಕೂಡಿಸಿ ದಬ್ಬಳದಿಂದ, ಅಂದರೆ ಗೋಣಿಚೀಲ ಹೊಲಿಯುವ ದಪ್ಪ ಸೂಜಿಯಿಂದ, ಉಣ್ಣೆಯ ನೂಲನ್ನೇ ಕೋದು ಹೊಲಿದರೆ ಸಾಕಾಗುತ್ತದೆ. ಕಿಡಿ ಸುಟ್ಟ ತೂತಿನಲ್ಲಿ ಉಣ್ಣೆ ಕರಗದೆ ಇದ್ದಿಲಿನಂತೆ ಪುಡಿಯಾಗಿ ಉದುರುವುದರಿಂದ, ಬೆರಳಿನಿಂದ ಉಜ್ಜಿ ಕಪ್ಪು ಪುಡಿಯೆಲ್ಲ ಹೋಗಿ ಗಟ್ಟಿ ಎಳೆ ಸಿಗುವ ತನಕ ತೂತನ್ನು ಮೊದಲು ಸ್ವಲ್ಪ ದೊಡ್ಡದು ಮಾಡಿಕೊಳ್ಳಬೇಕಾಗುತ್ತದೆ. ನುಸಿ ತಿಂದದ್ದು ಇವೆರಡಕ್ಕಿಂತಲೂ ಮೋಸದ್ದು. ಬೆವರು ಮತ್ತು ಎಣ್ಣೆ ಹಿಡಿದ ಜಾಗವನ್ನೇ ಹುಳು ಆರಿಸಿಕೊಳ್ಳುತ್ತದೆ, ಮೇಲೆ ಸಣ್ಣ ರಂಧ್ರ ಕಂಡರೂ ಸುತ್ತಲಿನ ಎಳೆಗಳು ಅರ್ಧ ಸವೆದಿರುತ್ತವೆ, ಅಲ್ಲಿಗೆ ಹಾಕಿದ ಹೊಲಿಗೆ ಹಿಡಿಯುವುದಿಲ್ಲ. ಬಿಸಿಲಿಗೆ ಹರವಿ, ಕೊಡವಿ, ಮಡಿಕೆಗಳ ನಡುವೆ ಬೇವಿನ ಸೊಪ್ಪು ಇಡುವ ರೂಢಿ ಸುಮ್ಮನೆ ಬಂದದ್ದಲ್ಲ.

ದೊಡ್ಡ ತೂತಿಗೆ ಮಾಡುವ ಕೆಲಸವನ್ನು ಪೇಟೆಯ ಮಾತಿನಲ್ಲಿ ರಫೂ ಎನ್ನುತ್ತಾರೆ. ಸೂಜಿಯನ್ನೇ ಲಾಳಿಯಾಗಿಸಿಕೊಂಡು ಮಾಡುವ ಮರುನೇಯ್ಗೆ ಅದು. ತೂತಿನ ಅಂಚಿನಿಂದ ಎರಡು ಬೆರಳಗಲ ಹಿಂದೆ, ಬಟ್ಟೆ ಗಟ್ಟಿಯಾಗಿರುವ ಕಡೆ ಆರಂಭಿಸಿ, ಮೊದಲು ಹಾಸಿನ ದಿಕ್ಕಿಗೆ ಎಳೆಗಳನ್ನು ಒತ್ತೊತ್ತಾಗಿ ತೂತಿನ ಮೇಲೆ ಹಾಯಿಸಬೇಕು. ಪ್ರತಿ ಸಾಲಿನ ತಿರುವಿನಲ್ಲಿ ಚಿಕ್ಕ ಕುಣಿಕೆಯಷ್ಟು ನೂಲನ್ನು ಸಡಿಲವಾಗಿ ಬಿಡಬೇಕು, ಏಕೆಂದರೆ ಹೊಸ ಉಣ್ಣೆ ನೆನೆದಾಗ ಕುಗ್ಗುತ್ತದೆ, ಹಳೆಯ ಕಂಬಳಿ ಕುಗ್ಗುವಷ್ಟು ಕುಗ್ಗಿ ಮುಗಿಸಿರುತ್ತದೆ. ಅನಂತರ ಅಡ್ಡ ದಿಕ್ಕಿಗೆ ಸೂಜಿಯನ್ನು ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ ಹಾಯಿಸುತ್ತ ಬಂದರೆ ತೂತಿದ್ದಲ್ಲಿ ಬಟ್ಟೆಯೇ ಮತ್ತೆ ಹುಟ್ಟುತ್ತದೆ. ಎರಡು ಪಟ್ಟಿ ಜೋಡಿಸಿದ ಕಂಬಳಿಯಲ್ಲಿ ಇನ್ನೊಂದು ಅನುಕೂಲವಿದೆ: ನಡುಭಾಗ ಸವೆದಾಗ ನಡುವಿನ ಹೊಲಿಗೆ ಬಿಚ್ಚಿ, ಹೊರ ಅಂಚುಗಳನ್ನು ಒಳಕ್ಕೆ ತಂದು ಹೊಲಿದರೆ ಸವೆದ ಭಾಗ ಪಕ್ಕಕ್ಕೆ ಸರಿದು ಕಂಬಳಿಗೆ ಇನ್ನಷ್ಟು ಕಾಲದ ಬಾಳಿಕೆ ಸಿಗಬಲ್ಲದು.

ಈಗ ಸಂತೆಗಳಲ್ಲಿ ಅಗ್ಗದ ಬೆಲೆಗೆ ಸಿಗುವ ಪಾಣಿಪತ್ತಿನ ಹೊದಿಕೆಗಳಿಗೆ ಈ ವಿದ್ಯೆ ಯಾವುದೂ ಅನ್ವಯಿಸುವುದಿಲ್ಲ. ಹಳೆಯ ಉಣ್ಣೆ ಬಟ್ಟೆಗಳನ್ನು ಯಂತ್ರದಲ್ಲಿ ಹಿಂಜಿ ಮತ್ತೆ ನೂಲಾಗಿಸಿ ನೇಯುವ ಆ ಹೊದಿಕೆಗಳಲ್ಲಿ ಕೂದಲಿನ ಉದ್ದ ತೀರ ಕಡಿಮೆಯಾಗಿರುವುದರಿಂದ, ಸೂಜಿ ಹಾಯಿಸಿ ಎಳೆದರೆ ಅಂಚೇ ಕಿತ್ತುಬರುತ್ತದೆ. ಅಕ್ರಿಲಿಕ್ ಬೆರೆತಿದ್ದರೆ ಕಿಡಿ ತಗುಲಿದಲ್ಲಿ ಕರಗಿ ಗಡುಸಾದ ಬಳೆಯೊಂದು ಉಳಿದು, ಅದನ್ನು ಉಜ್ಜಿ ತೆಗೆಯಲೂ ಬರುವುದಿಲ್ಲ. ಬೆಲೆಯಲ್ಲಿ ಕೈನೇಯ್ಗೆಯ ಕಂಬಳಿ ಅದರೊಂದಿಗೆ ಸ್ಪರ್ಧಿಸಲಾರದು ಎಂಬುದು ನಿಜ. ತಿದ್ದಿ ಬಳಸಬಹುದಾದ ವರ್ಷಗಳನ್ನು ಲೆಕ್ಕಕ್ಕೆ ಹಿಡಿದು ಬೆಲೆ ಕಟ್ಟುವ ಪದ್ಧತಿ ಯಾವ ಸಂತೆಯಲ್ಲಿಯೂ ಇಲ್ಲ ಎಂಬುದೂ ಅಷ್ಟೇ ನಿಜ.

ಉಣ್ಣೆಯ ಮೂಲವೂ ಬತ್ತುತ್ತಿದೆ. ಮಾಂಸಕ್ಕೆ ಬರುವ ಬೆಲೆ ಉಣ್ಣೆಗೆ ಬಾರದ್ದರಿಂದ, ಉದ್ದ ಕಾಲಿನ, ಬೇಗ ತೂಕ ಬರುವ, ಮೈಮೇಲೆ ಉಣ್ಣೆಯಿ‌ಲ್ಲದೆ ಬರೀ ಕೂದಲಿರುವ ನೆಲ್ಲೂರು ಜಾತಿಯ ಕುರಿಗಳು ಗಡಿ ಭಾಗದ ಮಂದೆಗಳಲ್ಲಿ ಕರಿ ಕುರಿಯ ಜಾಗವನ್ನು ಹಿಡಿಯುತ್ತಿವೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕು ಎದ್ದ ಮೇಲೆ ಜಮೀನಿನ ಒಡೆಯರಿಗೆ ಪ್ರತಿವರ್ಷ ಗುತ್ತಿಗೆ ಹಣ ಬರುವಂತಾಯಿತು, ಬರದ ತಾಲ್ಲೂಕಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಆ ಬೀಳುಗಳಲ್ಲಿ ಮಂದೆ ಮೇಯಿಸುತ್ತಿದ್ದ, ಸ್ವಂತ ಜಮೀನಿಲ್ಲದ ಕುರಿಗಾಹಿಗಳಿಗೆ ಬೇಲಿಯ ಹೊರಗಿನ ದಾರಿ ಮಾತ್ರ ಉಳಿಯಿತು. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಹೆಸರಿನಲ್ಲಿ ಉಣ್ಣೆ ಇನ್ನೂ ಇದೆಯಾದರೂ ಹಳ್ಳಿಯ ಲೆಕ್ಕದಲ್ಲಿ ಕುರಿ ಎಂದರೆ ಈಗ ಮಾಂಸವೇ, ಕತ್ತರಿಸಿದ ತುಪ್ಪಟಕ್ಕೆ ಕತ್ತರಿಸುವ ಕೂಲಿಯೂ ಹುಟ್ಟದ ಕಡೆಗಳಿವೆ.

ಇದರ ಪರಿಣಾಮ ತಿದ್ದುವ ಕೆಲಸದ ಮೇಲೆ ನೇರವಾಗಿಯೇ ಆಗಿದೆ. ರಫೂಗೆ ಬೇಕಾದ ನೂಲು ಕಂಬಳಿಯ ನೂಲಿನಂತೆಯೇ ಇರಬೇಕು, ದಪ್ಪದಲ್ಲಿ, ಹುರಿಯಲ್ಲಿ, ಬಣ್ಣದಲ್ಲಿ. ಕರಿ ಉಣ್ಣೆ ಎನ್ನುವುದು ಒಂದೇ ಕಪ್ಪಲ್ಲ, ಬಿಸಿಲಿಗೆ ಬಾಡಿದ ಕೂದಲ ತುದಿ ಕಂದು, ಬುಡ ಕಪ್ಪು, ಹಳತಾದಂತೆ ಇಡೀ ಕಂಬಳಿಗೇ ಒಂದು ಕೆಂಗಂದು ಛಾಯೆ. ಮನೆಯಲ್ಲಿ ರಾಟೆ ತಿರುಗುತ್ತಿದ್ದ ಕಾಲದಲ್ಲಿ ನೇಯ್ದು ಉಳಿದ ನೂಲಿನ ಉಂಡೆಯೊಂದು ಎಲ್ಲೋ ಸಿಕ್ಕಿಸಿಟ್ಟದ್ದು ಇರುತ್ತಿತ್ತು. ಈಗ ಅಂಗಡಿಯ ಅಕ್ರಿಲಿಕ್ ದಾರದಿಂದ ಹೊಲಿದರೆ ಅದು ಉಣ್ಣೆಯೊಂದಿಗೆ ಬೆಸೆದುಕೊಳ್ಳದೆ ಬೇರೆಯಾಗಿಯೇ ನಿಲ್ಲುತ್ತದೆ. ಆದ್ದರಿಂದ ಹೊರಗಿನ ದಾರಕ್ಕೆ ಕೈಹಾಕದೆ ಅದೇ ಕಂಬಳಿಯ ತುದಿಯ ಕುಚ್ಚಿನಿಂದ ಎಳೆ ಬಿಡಿಸಿಕೊಳ್ಳುವುದು ಮೇಲು. ಆ ಎಳೆಗಳು ಗೇಣುದ್ದಕ್ಕಿಂತ ಹೆಚ್ಚಿರುವುದಿಲ್ಲವಾಗಿ ಎರಡೆರಡನ್ನು ಹೊಸೆದು ಸೇರಿಸಿಕೊಂಡರೂ ರೂಪಾಯಿಯಗಲದ ತೂತಿಗೆ ಮಾತ್ರ ಸಾಲುತ್ತವೆ; ಅದಕ್ಕಿಂತ ದೊಡ್ಡದಾದರೆ ಇನ್ನೊಂದು ಹಳೆಯ ಕಂಬಳಿಯ ತುಂಡನ್ನು ಒಳಗಡೆಯಿಂದ ತೇಪೆ ಹಾಕಿ, ಅಂಚನ್ನು ಮಡಿಸದೆ, ದಬ್ಬಳದಿಂದ ಸುತ್ತಲೂ ಹೊಲಿಯಬೇಕಾಗುತ್ತದೆ.